ಬಾಡಿಗೆ ಮನೆಯ ಅಕ್ಷರಗಳು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಸುಲಭಕ್ಕೆ ನಿವೃತ್ತಿಯಾಗುವುದಿಲ್ಲ. ತೂತು ಬಿದ್ದ ಹಂಡೆ ಹಿತ್ತಲಿಗೆ ಹೋಗಿ ಬಸಳೆ ಬಳ್ಳಿಗೆ ಮನೆಯಾಗುತ್ತದೆ. ಹರಿದ ಸೀರೆ ಮೊದಲು ಕೌದಿಯಾಗಿ, ಆಮೇಲೆ ಕಾಲೊರಸಾಗಿ, ಕೊನೆಗೆ ಒಲೆಯ ಮಸಿ ಬಟ್ಟೆಯಾದ ಮೇಲೆಯೇ ಅದಕ್ಕೆ ಮುಕ್ತಿ. ನಮ್ಮವರ ಸ್ಕೂಟರಿಗೆ ಈಗ ಇಪ್ಪತ್ತೆರಡು ವರ್ಷ. ಅದರ ಮೂಲ ಭಾಗಗಳೆಂದು ಉಳಿದಿರುವುದು ನಂಬರ್ ಪ್ಲೇಟ್ ಮತ್ತು ಹಾರ್ನ್ ಮಾತ್ರವೆಂದು ನನ್ನ ಅನುಮಾನ. ಇಂಥ ಮನೆಯಲ್ಲಿ, 2013ರ ದೀಪಾವಳಿಗೆ ತಂದ ಕಂಪ್ಯೂಟರ್‌ಗೆ ವಯಸ್ಸಾಯಿತು, ಅದನ್ನು ಬಿಸಾಡಿ ಎಂದು ಯಾರಾದರೂ ಹೇಳಿದರೆ ಒಪ್ಪುವವರುಂಟೇ? ಹನ್ನೆರಡು ವರ್ಷವೆಂದರೆ ನಮ್ಮ ಲೆಕ್ಕದಲ್ಲಿ ಇನ್ನೂ ಉಪನಯನದ ವಯಸ್ಸು.

ಹೇಳಿದ್ದು ಯಾರೋ ಅಲ್ಲ, ಆ ಕಂಪ್ಯೂಟರೇ. ತಂದಾಗ ಅದರಲ್ಲಿ ಇದ್ದದ್ದು ವಿಂಡೋಸ್ 7. 2016ರಲ್ಲಿ ಪುಕ್ಕಟೆಯಾಗಿ ಸಿಕ್ಕಿತೆಂದು ವಿಂಡೋಸ್ 10ಕ್ಕೆ ಏರಿಸಿದ್ದೆವು. 2025ರಲ್ಲಿ ಪರದೆಯ ಮೇಲೆ ಆಗಾಗ ಒಂದು ಒಕ್ಕಣೆ ಬರತೊಡಗಿತು: ಅಕ್ಟೋಬರ್ 14ರಿಂದಾಚೆಗೆ ವಿಂಡೋಸ್ 10ಕ್ಕೆ ಬೆಂಬಲವಿಲ್ಲ. ಅದರರ್ಥ ಅಂದಿನಿಂದ ಕಂಪ್ಯೂಟರ್ ನಿಂತುಹೋಗುತ್ತದೆ ಎಂದಲ್ಲ. ಬಾಗಿಲಿನ ಚಿಲಕ ಸಡಿಲವಾದಾಗಲೆಲ್ಲ ಬಂದು ಬಿಗಿ ಮಾಡಿ ಹೋಗುತ್ತಿದ್ದ ಬಡಗಿ ಇನ್ನು ಬರುವುದಿಲ್ಲ ಎಂದು, ಅಷ್ಟೇ. ಕಳ್ಳರಿಗೆ ಮಾತ್ರ ಯಾವ ಚಿಲಕ ಸಡಿಲ ಎಂಬುದು ದಿನ ಹೋದಂತೆ ಹೆಚ್ಚು ಹೆಚ್ಚು ತಿಳಿಯುತ್ತ ಹೋಗುತ್ತದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಎಕ್ಸ್‌ಟೆನ್ಷನ್ ಪಡೆಯುವ ದಾರಿಯನ್ನೂ ಮೈಕ್ರೋಸಾಫ್ಟ್‌ನವರು ಇಟ್ಟಿದ್ದರು. ನಿವೃತ್ತಿಗೆ ಬಂದ ಮೇಷ್ಟ್ರುಗಳನ್ನು ಕಂಡ ನನಗೆ ಎಕ್ಸ್‌ಟೆನ್ಷನ್ ಎಂದರೆ ಏನೆಂದು ಗೊತ್ತು. ತೀರ್ಮಾನ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ.

ಹಾಗಾದರೆ ವಿಂಡೋಸ್ 11ಕ್ಕೇ ಏರಿಸೋಣವೆಂದರೆ ಅದಕ್ಕೊಂದು ಪ್ರವೇಶ ಪರೀಕ್ಷೆ. 2021ರಲ್ಲಿ ಅದು ಬಂದಾಗಲೇ ಅರ್ಹತೆಗಳನ್ನು ಪಟ್ಟಿ ಮಾಡಿದ್ದರು. 4 ಜಿ.ಬಿ. ರ‍್ಯಾಮ್ ಬೇಕು, ನಮ್ಮದರಲ್ಲಿ ಇದೆ. 64 ಜಿ.ಬಿ. ಜಾಗ ಬೇಕು, ಅದಕ್ಕಿಂತ ಎಷ್ಟೋ ಹೆಚ್ಚಿದೆ. ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ ಬೇಕು, ಅದು ಇಲ್ಲ. ಪ್ರೊಸೆಸರ್ ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಈಚಿನದಾಗಿರಬೇಕು; ನಮ್ಮದು ಮೂರನೆಯ ತಲೆಮಾರು. ಅಂತೂ ಅಂಕಗಳೆಲ್ಲ ಸರಿಯಿದ್ದೂ ಗೋತ್ರ ಕೂಡಲಿಲ್ಲ ಎಂದು ಜಾತಕ ವಾಪಸು ಬಂದ ಹಾಗಾಯಿತು.

ಪೇಟೆಯ ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸಿದರು: "ಇದನ್ನ ಗುಜರಿಗೆ ಹಾಕಿ ಮೇಡಂ, ಹೊಸದು ನಲವತ್ತೈದು ಸಾವಿರಕ್ಕೆ ಬರ್ತದೆ." ಇನ್ನೊಬ್ಬರು ದನಿ ತಗ್ಗಿಸಿ, ಪರೀಕ್ಷೆಯನ್ನು ತಪ್ಪಿಸಿ ಹಿಂಬಾಗಿಲಿನಿಂದ ವಿಂಡೋಸ್ 11 ಹಾಕಿಕೊಡುವ ಉಪಾಯವಿದೆಯೆಂದರು. ಇರಬಹುದು. ಆದರೆ ಹಾಗೆ ಒಳಗೆ ಬಂದವರಿಗೆ ಮುಂದೆ ಅಧಿಕೃತ ಆಸರೆಯ ಭರವಸೆಯಿಲ್ಲ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ನನಗೆ ಆ ದನಿ ತಗ್ಗಿಸುವಿಕೆಯೇ ಹಿಡಿಸಲಿಲ್ಲ.

ನೀವು ಕೇಳಬಹುದು, ಬ್ಯಾಂಕಿನ ಕೆಲಸ, ಕರೆಂಟು ಬಿಲ್ಲು ಎಲ್ಲ ಫೋನಿನಲ್ಲೇ ಮುಗಿಯುವಾಗ ಆ ಹಳೇ ಪೆಟ್ಟಿಗೆಯ ಉಸಾಬರಿ ಯಾಕೆ ಎಂದು. ಅದರೊಳಗೆ ನಮ್ಮ ಅತ್ತೆಯವರ ಹಾಡುಗಳಿವೆ.

ಶಿರಸಿಯ ಕಡೆ ಮದುವೆಯೆಂದರೆ ಹಾಡು. ಎಣ್ಣೆ ಅರಿಶಿನಕ್ಕೊಂದು, ಹಸೆಗೆ ಕರೆಯಲೊಂದು, ಆರತಿಗೊಂದು, ಬೀಗರನ್ನು ಹಂಗಿಸಲು ನಾಲ್ಕು, ಹೆಣ್ಣನ್ನು ಒಪ್ಪಿಸುವಾಗ ಎಲ್ಲರನ್ನೂ ಅಳಿಸಲು ಒಂದು. ಅತ್ತೆಯವರಿಗೆ ಇವೆಲ್ಲ ಬಾಯಿಪಾಠ. ಅವರ ತಾಯಿಯಿಂದ ಬಂದದ್ದು, ಸೋದರತ್ತೆಯಿಂದ ಬಂದದ್ದು, ತಾವೇ ಕಟ್ಟಿದ್ದು. ಕಂಪ್ಯೂಟರ್ ಮನೆಗೆ ಬಂದ ವರ್ಷದಿಂದ ನಾಲ್ಕು ವರ್ಷಗಳ ಕಾಲ, ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಊಟವಾದ ಮೇಲೆ, ಅವರು ಪಕ್ಕದಲ್ಲಿ ಕೂತು ಹೂಬತ್ತಿ ಹೊಸೆಯುತ್ತ ಹೇಳುವುದು, ನಾನು ಟೈಪು ಮಾಡುವುದು. ಹೀಗೆ ನೂರಿಪ್ಪತ್ತೇಳು ಹಾಡಾದವು. ಹಾಡಿದರೆ ಮಾತ್ರ ಅವರಿಗೆ ನೆನಪು. ಬರೇ ಮಾತಿನಲ್ಲಿ ಹೇಳಿ ಎಂದರೆ ಎರಡನೇ ಸಾಲಿಗೇ ತೊಡರುತ್ತಿದ್ದರು. ಆದ್ದರಿಂದ ನನ್ನ ಬೆರಳು ಓಡುವಷ್ಟು ನಿಧಾನಕ್ಕೆ ಅವರು ರಾಗ ಎಳೆಯುತ್ತಿದ್ದರು.

ಈಗ ಅವರಿಗೆ ಎಂಬತ್ತಾರು. ಎರಡು ವರ್ಷದಿಂದ ನೆನಪು ಮಸುಕಾಗಿದೆ. ಊಟ ಮಾಡಿ ಕೈ ತೊಳೆದು ಬಂದು "ಊಟಕ್ಕೆ ಹೊತ್ತಾಗ್ಲಿಲ್ವನೇ?" ಎನ್ನುತ್ತಾರೆ. ಹಾಡಲು ತೊಡಗಿದರೆ ಮೊದಲ ನುಡಿ ಬರುತ್ತದೆ, ಆಮೇಲೆ ಅದೇ ಸಾಲನ್ನು ಸುತ್ತಿ ಸುತ್ತಿ ಹೇಳಿ ಸುಮ್ಮನಾಗುತ್ತಾರೆ. ಉಳಿದದ್ದು ಎಲ್ಲಿದೆ ಎಂದರೆ ಆ ಪೆಟ್ಟಿಗೆಯಲ್ಲಿದೆ. ಮಾಘದಲ್ಲಿ ನನ್ನ ಮೈದುನನ ಮಗಳ ಮದುವೆ. ಹಾಡುಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಒಂದು ಪುಸ್ತಕ ಮಾಡಿಕೊಡಬೇಕೆಂದು ಆ ಹುಡುಗಿ ಬೇರೆ ಕೇಳಿಕೊಂಡಿದ್ದಳು.

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಒಂದು ದಾರಿ ಹೇಳಿದಳು. ಲಿನಕ್ಸ್ ಎಂಬುದೊಂದಿದೆ; ಅದಕ್ಕೆ ದುಡ್ಡು ಕೊಡಬೇಕಿಲ್ಲ; ಅದರ ಬಳಗದ ಮಿಂಟ್ ಎಂಬುದು ಹಳೆಯ ಕಂಪ್ಯೂಟರ್‌ಗಳಲ್ಲೂ ಚೆನ್ನಾಗಿ ನಡೆಯುತ್ತದೆ ಎಂದು. ಇದರ ಮೂಲವನ್ನು ಬರೆದವನು ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ, 1991ರಲ್ಲಿ. ಆ ವರ್ಷ ನಾನು ಧಾರವಾಡದಲ್ಲಿ ಬಿ.ಎಡ್. ಪಾಠ ಟಿಪ್ಪಣಿ ಬರೆಯುತ್ತ ಕೂತಿದ್ದೆ. ಇರಲಿ, ಅವರವರ ಪ್ರಾಪ್ತಿ.

ನವೆಂಬರಿನ ಒಂದು ಭಾನುವಾರ ಕೆಲಸಕ್ಕೆ ಕೈಹಾಕಿದೆವು. ಸುಣ್ಣ ಬಳಿಯುವ ಮುಂಚೆ ಉಪ್ಪಿನಕಾಯಿ ಭರಣಿ ಆಚೆ ಸಾಗಿಸುವವರು ನಾವು. ಹಾಡುಗಳ ಕಡತವನ್ನು ಒಂದು ಪೆನ್ ಡ್ರೈವ್‌ಗೆ ಹಾಕಿದೆ, ಇನ್ನೊಂದಕ್ಕೂ ಹಾಕಿದೆ, ಮೂರನೆಯದನ್ನು ಮಗಳಿಗೆ ಕಳಿಸೋಣವೆಂದು ನೋಡಿದರೆ ಇಂಟರ್ನೆಟ್ಟೇ ಒಲ್ಲೆ ಎಂದಿತು. ಯಾವ ತಾಣ ತೆರೆದರೂ "ಈ ಸಂಪರ್ಕ ಸುರಕ್ಷಿತವಲ್ಲ" ಎಂಬ ಗದರಿಕೆ. ಫೋನಿನಲ್ಲಿ ಅದೇ ವೈಫೈ ಸರಿಯಾಗಿದೆ. ಮಗಳು ಒಂದೇ ಪ್ರಶ್ನೆ ಕೇಳಿದಳು: "ಅಮ್ಮಾ, ಬಲಗಡೆ ಕೆಳಮೂಲೆಯಲ್ಲಿ ತಾರೀಖು ಎಷ್ಟಿದೆ?" ನೋಡಿದರೆ 2013ರ ಜನವರಿ 1! ಕಂಪ್ಯೂಟರಿನ ಹೊಟ್ಟೆಯೊಳಗೆ ನಾಣ್ಯದಷ್ಟು ದೊಡ್ಡ ಒಂದು ಬಿಲ್ಲೆ ಬ್ಯಾಟರಿ ಇರುತ್ತದಂತೆ. ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ ಯಂತ್ರ ತಾನು ಹುಟ್ಟಿದ ಕಾಲಕ್ಕೆ ಹೋಗಿಬಿಡುತ್ತದೆ. ಇಂಟರ್ನೆಟ್ಟಿನ ತಾಣಗಳಿಗೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಪ್ರಮಾಣಪತ್ರಗಳಿರುತ್ತವೆ. 2013ರಲ್ಲಿ ಕೂತು 2025ರ ಪತ್ರ ನೋಡಿದರೆ ಅದು ಸುಳ್ಳು ಪತ್ರವೆಂದೇ ತೋರುತ್ತದೆ. ಯಂತ್ರದ ತರ್ಕ ಸರಿಯಾಗಿಯೇ ಇತ್ತು; ಅದರ ಕಾಲ ಮಾತ್ರ ಬೇರೆ. ನಮ್ಮ ಅತ್ತೆಯವರೂ ಕೆಲವು ದಿನ ಹಾಗೆಯೇ, 1965ರಲ್ಲಿ ಕೂತು ನನ್ನನ್ನು "ನೀನು ಯಾರ ಮನೆಯವಳೇ?" ಎಂದು ಕೇಳುತ್ತಾರೆ.

ಬ್ಯಾಟರಿಯ ಸಂಖ್ಯೆ ಸಿ.ಆರ್. 2032. ಮೂವತ್ತೋ ನಲವತ್ತೋ ರೂಪಾಯಿ. ಅದನ್ನು ಬದಲಿಸಲು ಪೆಟ್ಟಿಗೆ ಬಿಚ್ಚಿದರೆ, ಮಲೆನಾಡಿನ ಹನ್ನೆರಡು ಮಳೆಗಾಲದ ಸಂಗ್ರಹ ಒಳಗಿತ್ತು! ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಒಂದು ಮೂಲೆಯಲ್ಲಿ ಹಲ್ಲಿಯ ಒಡೆದ ಮೊಟ್ಟೆಗಳು. ಫ್ಯಾನಿನ ಹಿಂದೆ ಕಣಜ ಕಟ್ಟಿದ ಮಣ್ಣಿನ ಮನೆ. ನಮ್ಮವರು ಬಣ್ಣ ಬಳಿಯುವ ಬ್ರಶ್ ತಂದು ಅರ್ಧ ಗಂಟೆ ಗುಡಿಸಿದರು. ಬ್ಯಾಟರಿ ಹಾಕಿ ಸ್ವಿಚ್ಚು ಒತ್ತಿದರೆ ಪರದೆ ಕಪ್ಪು, ಒಳಗಿನಿಂದ ಬೀಪ್ ಬೀಪ್ ಎಂಬ ಕೂಗು.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹತ್ತನೇ ಕ್ಲಾಸಿನಲ್ಲಿ ಸಮಾಜ ವಿಜ್ಞಾನಕ್ಕೆ ಮೂವತ್ತೈದರ ಗಡಿಯಲ್ಲಿ ದಾಟಿದವನು. ಫೋನಿನಲ್ಲಿ ಆ ಬೀಪ್ ಕೇಳಿಸಿಕೊಂಡು, ಡಾಕ್ಟರು ಕೆಮ್ಮು ಕೇಳಿ ಹೇಳಿದಂತೆ ಹೇಳಿದ: "ಅಕ್ಕೋರೆ, ನಿಮ್ಮತ್ರ ರಬ್ಬರ್ ಇದ್ಯಾ? ಪೆನ್ಸಿಲ್ ಅಳಿಸೋದು?" ನನ್ನ ಹತ್ತಿರ ಇಲ್ಲದೆ ಇನ್ಯಾರ ಹತ್ತಿರ ಇರಬೇಕು! ರ‍್ಯಾಮ್ ಪಟ್ಟಿಯನ್ನು ಎರಡೂ ಬದಿಯ ಚಿಲಕ ಸರಿಸಿ ಎತ್ತಿ, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, 'ಕಟ್' ಎಂದು ಸದ್ದಾಗುವಂತೆ ಒತ್ತಬೇಕು. ತಂಪು ಹವೆಗೆ ಆ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದ ಮಸಿ ಹಿಡಿಯುತ್ತದಂತೆ. ಉಜ್ಜಿ ಕೂರಿಸಿದೆ. ಒಂದೇ ಬೀಪ್, ಪರದೆ ಬೆಳಗಿತು. ಎರಡು ರೂಪಾಯಿಯ ರಬ್ಬರಿನಿಂದ ರಿಪೇರಿಯಾಗುವ ವಿದ್ಯೆಯೂ ಈ ಕ್ಷೇತ್ರದಲ್ಲಿದೆಯೆಂದು ತಿಳಿದು ನನಗೆ ಅದರ ಮೇಲೆ ಮೊದಲ ಬಾರಿಗೆ ಸ್ವಲ್ಪ ವಿಶ್ವಾಸ ಬಂತು.

ಮುಂದಿನ ಭಾನುವಾರ ಆ ಹುಡುಗನೇ ಬಂದ. ಹಳೆಯ ಹಾರ್ಡ್ ಡಿಸ್ಕನ್ನು ಮುಟ್ಟುವುದೇ ಬೇಡ, ಅದರ ತಂತಿ ಕಳಚಿಟ್ಟು ಬೇರೆ ಹೊಸ ಎಸ್.ಎಸ್.ಡಿ. ಒಂದಕ್ಕೆ ಮಿಂಟ್ ಹಾಕೋಣ ಎಂದದ್ದು ನಾನು. ಅವನೂ ಒಪ್ಪಿದ. ಎಸ್.ಎಸ್.ಡಿ. ಎಂದರೆ ತಿರುಗುವ ತಟ್ಟೆಯಿಲ್ಲದ ಡಿಸ್ಕು. ಎರಡು ಸಾವಿರದೊಳಗೆ ಮುಗಿಯಿತು. ನಿಜ ಹೇಳಬೇಕೆಂದರೆ ಹಳೆಯ ಕಂಪ್ಯೂಟರ್ ನಿಧಾನವೆಂದು ಗೋಳಾಡುವ ಮನೆಗಳಲ್ಲಿ ಮುಕ್ಕಾಲು ಪಾಲು ಗೋಳಿಗೆ ಕಾರಣ ಆ ತಿರುಗುವ ತಟ್ಟೆಯೇ. ಮೊದಲು ಪರದೆ ಬರುವಷ್ಟರಲ್ಲಿ ನಾನು ಚಾ ಮಾಡಿ ಕುಡಿದು ಲೋಟ ತೊಳೆದಿಡುತ್ತಿದ್ದೆ. ಈಗ ಚಾಕ್ಕೆ ನೀರಿಡಲೂ ಪುರುಸೊತ್ತಿಲ್ಲ.

ಮಿಂಟ್ ಹಾಕುವ ಮೊದಲು ಪೆನ್ ಡ್ರೈವ್‌ನಿಂದಲೇ ಅದನ್ನು ನಡೆಸಿ ನೋಡಬಹುದು. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಮನೆ ಕೊಳ್ಳುವ ಮುಂಚೆ ನಾಲ್ಕು ದಿನ ಇದ್ದು ನೋಡಿದ ಹಾಗೆ. ಈ ಏರ್ಪಾಡು ನನಗೆ ಬಹಳ ಮೆಚ್ಚಿಗೆಯಾಯಿತು. ಸ್ವಿಚ್ಚು ಹಾಕಿದ ಕೂಡಲೇ ಎಫ್ 12 ಕೀಲಿಯನ್ನು ಟಪಟಪ ಒತ್ತುತ್ತಿರಬೇಕು (ಕೆಲವು ಯಂತ್ರಗಳಿಗೆ ಅದು ಬೇರೆ ಕೀಲಿ), ಆಗ ಪೆನ್ ಡ್ರೈವ್‌ನಿಂದ ಶುರುವಾಗಲೋ ಎಂದು ಕೇಳುತ್ತದೆ. ಒಂದು ಕ್ಷಣ ತಡವಾದರೆ ಮತ್ತೆ ಮೊದಲಿನಿಂದ. ಮುದ್ರಣಯಂತ್ರ ತಾನಾಗಿಯೇ ಗುರುತಿಗೆ ಸಿಕ್ಕಿತು. ಧ್ವನಿ ಮಾತ್ರ ಬರಲಿಲ್ಲ. ಅದು ಸ್ಪೀಕರ್ ಬಿಟ್ಟು ಪರದೆಯ ತಂತಿಯೊಳಗೆ ಹೋಗುತ್ತಿತ್ತು, ಪಟ್ಟಿಯಲ್ಲಿ ಬೇರೆ ದಾರಿ ಆರಿಸಿದ ಮೇಲೆ ಸರಿಹೋಯಿತು. ಎಲ್ಲ ನೋಡಿ, ತೃಪ್ತಿಯಾಗಿ, ಹೊಸ ಡಿಸ್ಕಿಗೆ ಹಾಕಲು ತೆಗೆದುಕೊಂಡದ್ದು ಅರ್ಧ ಗಂಟೆ.

ಕಳಚಿಟ್ಟ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದಾಗ ಅದರಲ್ಲಿದ್ದ ಕಡತಗಳೆಲ್ಲ ಕಂಡವು, ಆದರೆ ಯಾವುದನ್ನೂ ತಿದ್ದಲು ಬಿಡಲಿಲ್ಲ. ವಿಂಡೋಸ್ 10 ನಾವು ಆರಿಸಿದಾಗ ಪೂರ್ತಿ ಮಲಗುವುದಿಲ್ಲವಂತೆ. ಮರುದಿನ ಬೇಗ ಏಳಲೆಂದು ಅರೆನಿದ್ದೆಯಲ್ಲಿರುತ್ತದೆ. ಅರೆನಿದ್ದೆಯಲ್ಲಿರುವವರ ಪೆಟ್ಟಿಗೆಗೆ ಇನ್ನೊಬ್ಬರು ಕೈಹಾಕಬಾರದೆಂದು ಲಿನಕ್ಸ್ ದೂರ ನಿಲ್ಲುತ್ತದೆ, ನೋಡಲಷ್ಟೇ ಒಪ್ಪುತ್ತದೆ. ಒಮ್ಮೆ ವಿಂಡೋಸ್ ಒಳಗೆ ಹೋಗಿ ಶಿಫ್ಟ್ ಕೀಲಿ ಒತ್ತಿ ಹಿಡಿದು ಆರಿಸಿ ಬಂದ ಮೇಲೆ ಬಾಗಿಲು ತೆರೆಯಿತು. ಒಳ್ಳೆಯ ಮರ್ಯಾದಸ್ಥ ನೆಂಟಸ್ತಿಕೆ.

ಇಷ್ಟೆಲ್ಲ ಆದ ಮೇಲೆ ಹಾಡಿನ ಕಡತ ತೆರೆದೆ. ಎದೆ ಧಸಕ್ಕೆಂದಿತು. ಕನ್ನಡವೇ ಇಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲು ಸಾಲಾಗಿ ಇರುವೆಯಂತೆ ಹರಿದಿವೆ. ಹುಡುಗ ನಕ್ಕ. "ಅಕ್ಕೋರೆ, ಹಾಳಾಗಿಲ್ಲ. ವೇಷ ಕಳಚಿದೆ, ಅಷ್ಟೇ."

ಅವನು ವಿವರಿಸಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ನಾನು ಆಗ ಬಳಸಿದ್ದು ನುಡಿಯ ಹಳೆಯ ಬಗೆಯ ಫಾಂಟು. ಆ ಕಾಲದ ಫಾಂಟುಗಳಲ್ಲಿ ಇದ್ದದ್ದು ಬರೀ 256 ಮನೆಗಳು, ಅವೂ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಹೆಸರಿನವು. ಕನ್ನಡ ಆ ಮನೆಗಳಲ್ಲಿ ಬಾಡಿಗೆಗಿತ್ತು. ಒಂದು ಮನೆಯಲ್ಲಿ ಒಂದು ತಲೆಕಟ್ಟು, ಇನ್ನೊಂದರಲ್ಲಿ ಒಂದು ಕೊಂಬು, ಮತ್ತೊಂದರಲ್ಲಿ ಒಂದು ಒತ್ತು; ತುಂಡು ತುಂಡಾದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ನೋಡುವವರ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಇಂಗ್ಲಿಷ್. ಫಾಂಟು ಇರುವವರೆಗೆ ವೇಷ ಉಳಿಯುತ್ತದೆ. ಇಲ್ಲದ ಕಂಪ್ಯೂಟರಿಗೆ ಹೋದರೆ ಮನೆ ಯಜಮಾನನ ಮುಖವೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ನಿವೇಶನಗಳನ್ನು ಮೀಸಲಿಟ್ಟಿದ್ದಾರೆ. ಅಲ್ಲಿ 'ಕ' ಎಂದರೆ ಯಾವ ಯಂತ್ರದಲ್ಲೂ 'ಕ'.

ಹಳೆಯ ಡಿಸ್ಕಿನಿಂದ ಆ ಫಾಂಟಿನ ಕಡತವನ್ನು ತಂದು ಹಾಕಿದೊಡನೆ ಹಾಡುಗಳು ಕನ್ನಡದಲ್ಲಿ ಕಂಡವು. ಅಲ್ಲಿಗೇ ಬಿಡಬಹುದಿತ್ತು. ಆದರೆ ಇನ್ನು ಹತ್ತು ವರ್ಷಕ್ಕೆ ಮತ್ತೊಂದು ಯಂತ್ರ, ಮತ್ತೊಂದು ಬಾಡಿಗೆಯ ತಕರಾರು. ಮೊಮ್ಮಕ್ಕಳು ಫೋನಿನಲ್ಲಿ ತೆರೆದರೆ ಇರುವೆ ಸಾಲೇ ಕಾಣುವುದು. ಸ್ವಂತ ಮನೆಗೇ ಸಾಗಿಸಿಬಿಡೋಣವೆಂದೆ. ಹಾಗೆ ಸಾಗಿಸುವ ಪರಿವರ್ತಕ ತಂತ್ರಾಂಶಗಳನ್ನು ಕನ್ನಡದ ಹುಡುಗರೇ ಬರೆದು ಪುಕ್ಕಟೆ ಹಂಚಿದ್ದಾರೆ. ಒಂದು ತುದಿಯಲ್ಲಿ ಹಾಕಿದರೆ ಇನ್ನೊಂದು ತುದಿಯಲ್ಲಿ ಯೂನಿಕೋಡ್ ಬರುತ್ತದೆ.

ಬಂತು, ಕೈಕಾಲು ಅಲ್ಲಲ್ಲಿ ಉಳುಕಿಸಿಕೊಂಡು. ನಮಗೆ ಸಿಕ್ಕ ಪರಿವರ್ತಕ ಅರ್ಕಾವತ್ತಿನಲ್ಲಿ ಎಡವುತ್ತಿತ್ತು. 'ಸೂರ್ಯ' ಹೋಗಿ 'ಸೂಯರ್' ಆಗಿದ್ದ. 'ಮಾರ್ಗ' 'ಮಾಗರ್' ಆಗಿತ್ತು; 'ಮುಹೂರ್ತ' 'ಮುಹೂತರ್'. ಇದೇನು ಹೊಸ ಸಂಧಿಯೋ ಎಂದು ಮೊದಲು ತಲೆ ಕೆರೆದುಕೊಂಡೆ. ಆಮೇಲೆ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆಸಿದ್ದೇ ಉತ್ತರ ಹೇಳಿತು. ನಾವು ಉಚ್ಚರಿಸುವಾಗ ರೇಫ ಮೊದಲು, ಬರೆಯುವಾಗ ಅರ್ಕಾವತ್ತು ಕೊನೆಗೆ. ಹಳೆಯ ಫಾಂಟು ಬರೆಯುವ ಕ್ರಮದ್ದು, ಯೂನಿಕೋಡ್ ಉಚ್ಚರಿಸುವ ಕ್ರಮದ್ದು. ಸಾಗಿಸುವಾಗ ಹಿಂದಿದ್ದದ್ದನ್ನು ಮುಂದಕ್ಕೆ ತರದಿದ್ದರೆ ಸೂರ್ಯ ಸೂಯರ್ ಆಗದೆ ಇನ್ನೇನಾದಾನು? ಕಾರ್ಯಕ್ರಮವನ್ನು ಎಲ್ಲೆಲ್ಲೋ 'ಕಾಯರ್ಕ್ರಮ' ಎಂದು ಅಚ್ಚಾಗಿದ್ದು ನೋಡಿ ಹಿಂದೆ ನಾನು ಈಗಿನವರ ಕಾಗುಣಿತವನ್ನು ಬೈದದ್ದುಂಟು. ಅದೂ ಇದೇ ರೋಗವಿರಬೇಕು.

ಹುಡುಗ, "ಒಂದೇ ಏಟಿಗೆ 'ಯರ್' ಇದ್ದಲ್ಲೆಲ್ಲ 'ರ್ಯ' ಮಾಡಿಬಿಡ್ತೆ ಅಕ್ಕೋರೆ, ಎರಡು ನಿಮಿಷ" ಎಂದ. ನಾನು ಬೇಡವೆಂದೆ. ಬೀಗರ ಹಾಡೊಂದರಲ್ಲಿ ಅತ್ತೆಯವರು ಎಂಬತ್ತರ ದಶಕದಲ್ಲಿ ತಾವೇ ಕಟ್ಟಿ ಸೇರಿಸಿದ ನುಡಿಯಿದೆ. ತೆಂಗಿನಕಾಯಿ ಸುಲಿಯಲು ಬಾರದ ಇಂಜಿನಿಯರ್ ಅಳಿಯನನ್ನು ಹಂಗಿಸುವುದು. ಒಂದೇ ಏಟಿನಲ್ಲಿ ಹೊಡೆದರೆ ಆ ಬಡಪಾಯಿ 'ಇಂಜಿನಿರ್ಯ' ಆಗುತ್ತಿದ್ದ! ಒಂದೊಂದೇ ಪದ ಹುಡುಕಿ, ನೋಡಿ, ತಿದ್ದುವುದೆಂದು ಗೊತ್ತುಮಾಡಿದೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಿದವರಿಗೆ ನೂರಿಪ್ಪತ್ತೇಳು ಹಾಡು ಏನು ಮಹಾ. ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತರಂತೆ, ಎರಡು ವಾರ ಹಿಡಿಯಿತು. ಕೀಲಿಮಣೆಯ ಚಿಂತೆಯೂ ಇರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿ ನುಡಿಯ ಮೂಲಕ ನಮಗೆಲ್ಲ ರೂಢಿಯಾದ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಎಫ್ ಒತ್ತಿದರೆ ಮೊದಲಿನಂತೆಯೇ ಒತ್ತಕ್ಷರ. ಬೆರಳುಗಳಿಗೆ ಆಪರೇಟಿಂಗ್ ಸಿಸ್ಟಮ್ ಬದಲಾದದ್ದೇ ತಿಳಿಯಲಿಲ್ಲ. ಅಕ್ಷರಗಳ ಪಟ್ಟಿಯಲ್ಲಿ 'ಗುಬ್ಬಿ', 'ನವಿಲು' ಎಂಬ ಹೆಸರಿನವು ಕಂಡವು. ಯಾರಿಟ್ಟರೋ, ಮುದ್ದಾದ ಹೆಸರು. ಪುಸ್ತಕಕ್ಕೆ ನವಿಲನ್ನೇ ಆರಿಸಿದೆ.

ಮೊದಲ ಹತ್ತು ಪುಟ ಅಚ್ಚಾದ ಮಧ್ಯಾಹ್ನ ಅತ್ತೆಯವರು ಜಗಲಿಯಲ್ಲಿ ಕೂತಿದ್ದರು. ಹತ್ತಿ ಮುಂದಿತ್ತು, ಬತ್ತಿ ಹೊಸೆಯುವುದು ಮರೆತು ಅಂಗಳ ನೋಡುತ್ತಿದ್ದರು. "ಅತ್ತೆ, ಇದು ನಿಮ್ಮ ಹಾಡು" ಎಂದು ಕಾಗದ ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಒಂದು ಸಾಲು ಓದಿದರು. ಓದು ಎರಡನೆಯ ಸಾಲಿಗೆ ರಾಗವಾಯಿತು. ಮೂರು ನುಡಿ ಹಾಡಿ, ನಾಲ್ಕನೆಯದಕ್ಕೆ ಬಂದು, ನಿಂತು, ಕಾಗದವನ್ನು ತಿರುಗಿಸಿ ಬೆನ್ನು ನೋಡಿದರು.

"ಗೌರಿ ನುಡಿ ಎಲ್ಲಿಗೋತೇ ತಂಗಿ?"

ಅಂಥ ನುಡಿ ಕಡತದಲ್ಲಿ ಇರಲೇ ಇಲ್ಲ. ಆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರು ಅದನ್ನು ಹಾಡಿರಲಿಲ್ಲ. ನನ್ನ ಮುಖ ನೋಡಿ ಅವರೇ ಎತ್ತಿಕೊಂಡರು. ನಾಲ್ಕು ಸಾಲು, ಒಂದೂ ತೊಡರಲಿಲ್ಲ. ಪಕ್ಕದಲ್ಲಿದ್ದ ಪಂಚಾಂಗದ ಅಂಚಿನ ಮೇಲೆ ಪೆನ್ಸಿಲಿನಿಂದ ಗೀಚಿಕೊಂಡೆ. ಆಮೇಲೆ ಒಳಗೆ ಹೋಗಿ ಕಂಪ್ಯೂಟರ್ ಹಾಕಿ, ಮೂರನೆಯ ನುಡಿಯ ಕೆಳಗೆ ಜಾಗ ಮಾಡಿ ಟೈಪು ಮಾಡಿದೆ. ಜಗಲಿಯಿಂದ ಅದೇ ನುಡಿ ಮತ್ತೆ ಕೇಳಿಸುತ್ತಿತ್ತು. ಮೂರನೆಯ ಸಾಲಿನಲ್ಲಿ ಒಂದು ಪದ ನಾನು ಬರೆದುಕೊಂಡಂತೆ ಇರಲಿಲ್ಲ. ಯಾವುದು ಸರಿಯೆಂದು ಕೇಳಲು ಎದ್ದು ಹೋದೆ.